ಬಳ್ಳಿ ಬೆಳೆದಿದೆ, ಮನೆ ಖಾಲಿ ಮಾಡಿ

ಗೋಡೆಗೆ ಮೊಳೆ ಹೊಡೆದರೆಂದು, ಅಡುಗೆಮನೆಯಿಂದ ಮೀನಿನ ವಾಸನೆ ಬಂತೆಂದು ಬಾಡಿಗೆದಾರರನ್ನು ಎಬ್ಬಿಸುವ ಮಾಲೀಕರನ್ನು ಬೆಂಗಳೂರಿನಲ್ಲಿ ಬೇಕಾದಷ್ಟು ಕಂಡಿದ್ದೇವೆ. ಜರೀಗಿಡ ಬೆಳೆಯಿತೆಂದು ಎಬ್ಬಿಸಲು ಹೊರಟ ಮಾಲೀಕ ಮಾತ್ರ ಅಮೆರಿಕದ ಫ್ಲೋರಿಡಾದವನು. ಅಲ್ಲಿನ ಲಾಕ್ಸಹ್ಯಾಚಿ ವನ್ಯಧಾಮದ ಜೌಗುನೆಲದ ಬಹುಪಾಲು ರಾಜ್ಯದ್ದು. ಬಾಡಿಗೆಗಿರುವುದು ಸಾಕ್ಷಾತ್ ಕೇಂದ್ರ ಸರ್ಕಾರ! ಪರದೇಶಿ ಕಳೆಯನ್ನು ಹತೋಟಿಗೆ ತರುತ್ತೇವೆಂದು 2002ರಲ್ಲೇ ಕರಾರಾಗಿತ್ತು. ಬಳ್ಳಿ ಕರಾರು ಓದಲಿಲ್ಲ. 2016ರಲ್ಲಿ ರಾಜ್ಯದ ಜಲಮಂಡಳಿ ಕರಾರು ರದ್ದು ಮಾಡಲು ಎದ್ದು ನಿಂತಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಅತ್ತೆ, ಅಂದರೆ ಈ ಜರೀಬಳ್ಳಿ, ಬಂದದ್ದಾದರೂ ಹೇಗೆ? ಮೇಳತಾಳದೊಂದಿಗೆ. 1958ರಲ್ಲಿ ಡೆಲ್ರೇ ಬೀಚಿನ ನರ್ಸರಿಯೊಂದರಲ್ಲಿ ಅದು ಅಲಂಕಾರದ ಗಿಡ. ಏಳೇ ವರ್ಷದಲ್ಲಿ ಮಾರ್ಟಿನ್ ಕೌಂಟಿಯ ಕಾಡು ಸೇರಿತ್ತು. ಆಫ್ರಿಕಾ, ಆಸ್ಟ್ರೇಲಿಯಾಗಳ ಹಾಗೆ ಭಾರತವೂ ಅದರ ತವರು. ತವರಲ್ಲಿ ತಿನ್ನುವ ಹುಳುವಿದೆ, ಆದ್ದರಿಂದ ಮರ್ಯಾದೆಯೂ ಇದೆ. (ಅವರ ಕಡೆಯ ಲಂಟಾನ ನಮ್ಮ ಬಂಡೀಪುರವನ್ನು ನುಂಗುತ್ತಿದೆ. ಅದೂ ಅಲಂಕಾರಕ್ಕೇ ಬಂದದ್ದು. ಲೆಕ್ಕ ಚುಕ್ತಾ.)

ಜರೀಬಳ್ಳಿಯ ಒಂದೊಂದು ಎಲೆಯೂ ಮೂವತ್ತು ಮೀಟರಿನವರೆಗೆ ಬೆಳೆಯುವ ಬಳ್ಳಿ. ಜೌಗಿನ ನಡುವಿನ ಮರದ್ವೀಪಕ್ಕೆ ಹಸಿರು ಕಂಬಳಿ ಹೊದಿಸಿದ ಹಾಗೆ ಕವಿಯುತ್ತದೆ. ಒಳಗೆ ಮರವಿದೆಯೋ, ಹೆಣವಿದೆಯೋ ಹೊರಗಿನವರಿಗೆ ಕಾಣದು. ಒಣಗಿದ ಹಳೆಯ ಬಳ್ಳಿ ಉದುರುವುದೂ ಇಲ್ಲ. ನೆಲದಲ್ಲೇ ಸತ್ತುಹೋಗಬೇಕಾದ ಕಿಚ್ಚು ಅದನ್ನೇ ಏಣಿ ಮಾಡಿಕೊಂಡು ಸೈಪ್ರೆಸ್ ಮರದ ನೆತ್ತಿಗೇರುತ್ತದೆ.

ಕಳೆ ತೆಗೆಯುವವರು ಸೊಂಟದೆತ್ತರಕ್ಕೆ ಬಳ್ಳಿ ಕತ್ತರಿಸಿ, ಬುಡದ ಭಾಗಕ್ಕೆ ವಿಷ ಸಿಂಪಡಿಸುತ್ತಾರೆ. ಮೇಲೆ ಕಂದು ಜಟೆ ನೇತಾಡುತ್ತದೆ, ಕೆಳಗೆ ಬೋಳು. ಈ ಕ್ಷೌರಕ್ಕೆ ಅವರಿಟ್ಟ ಹೆಸರು ಪೂಡಲ್ ಕಟ್, ಪೂಡಲ್ ನಾಯಿಯ ಕಟಿಂಗ್! ಕೆಲಸ ಮುಗಿಸಿ ಪ್ಯಾಂಟು ಕೊಡವದೆ ಮುಂದಿನ ದ್ವೀಪಕ್ಕೆ ಹೋದರೆ ಬೀಜಕಣವೂ ಜೊತೆಯಲ್ಲೇ ದೋಣಿ ಹತ್ತುತ್ತದೆ. ಹೊಸ ಸಂಸಾರ ಹೂಡಲು ಅದಕ್ಕೆ ಜೋಡಿ ಬೇಕಿಲ್ಲ, ಒಂದೇ ಕಣ ಸಾಕು. 2008ರಲ್ಲಿ ಆಸ್ಟ್ರೇಲಿಯಾ ಮೂಲದ ಕಂದು ಪತಂಗವನ್ನೂ ತಂದು ಬಿಟ್ಟರು. ಮರಿಹುಳುಗಳು ಮೇಯುತ್ತಿವೆ. ಪಾಪ, ಅವಕ್ಕೆ ಕರಾರಿನ ಗಡುವು ಯಾರೂ ಹೇಳಿಲ್ಲ.

2018ರಲ್ಲಿ ಮಾಲೀಕನೂ ಬಾಡಿಗೆದಾರನೂ ಹೊಸ ಕರಾರು ಬರೆದುಕೊಂಡು ರಾಜಿಯಾದರು. ಬಳ್ಳಿ ಇನ್ನೂ ಖಾಲಿ ಮಾಡಿಲ್ಲ.