ಬ್ಯಾಕ್ ಒತ್ತಬ್ಯಾಡ್ರಿ!

ಒಂದು ಕಾಲದಲ್ಲಿ ಊರಲ್ಲಿ ಮಗು ಹುಟ್ಟಿದರೆ ಮೊದಲು ಸೂಲಗಿತ್ತಿಗೆ ಗೊತ್ತಾಗುತ್ತಿತ್ತು, ಜಗಳ ಹುಟ್ಟಿದರೆ ಗೌಡರಿಗೆ. ಈಗ ಎರಡೂ ಮೊದಲು ಗೊತ್ತಾಗುವುದು ಆನ್‌ಲೈನ್ ಅಣ್ಣನಿಗೆ. ಮಗುವಿಗೆ ಜನನ ಪ್ರಮಾಣಪತ್ರ ಬೇಕು, ಜಗಳಕ್ಕೆ ಪಹಣಿ ಬೇಕು. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ)ಯಲ್ಲಿ ಈ ಹೆಸರಿನವನು ಒಬ್ಬನೇ ಇದ್ದಾನೆಂದೇನೂ ಅಲ್ಲ. ಇದು ಒಂದು ಕುಲ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಡಬ್ಬಿ, ಫೋಟೊ ಕತ್ತರಿಸುವ ಕತ್ತರಿ, ಲೈಟ್ ಹೋದಾಗ ಕೀಚ್ ಎಂದು ಕೂಗುವ ಯುಪಿಎಸ್ ಇಷ್ಟಿದ್ದು, ಅವುಗಳ ನಡುವೆ ಬೆನ್ನು ಬಾಗಿಸಿ ಕೂತವನು ಯಾರೇ ಆಗಲಿ, ಅವನು ಈ ಕುಲದವನು.

ಅವನ ಬಾಯಲ್ಲಿ ದಿನವಿಡೀ ಓಡಾಡುವ ಮಂತ್ರ ಒಂದೇ: "ಬ್ಯಾಕ್ ಒತ್ತಬ್ಯಾಡ್ರಿ!" ಕೀಬೋರ್ಡಿನ ಹತ್ತಿರ ಅವನ ಹೊರತು ಇನ್ನೊಂದು ನರಪಿಳ್ಳೆ ಇರುವುದಿಲ್ಲ. ಕೌಂಟರಿನ ಆಚೆ ನಿಂತ ಕಾಕಾ ಎಲೆಅಡಿಕೆಯ ಚೀಲಕ್ಕೆ ಕೈ ಹಾಕಿದರೂ ಅಣ್ಣ ಬೆಚ್ಚಿಬಿದ್ದು ಹಾಗೆ ಕೂಗುತ್ತಾನೆ. ಏಳು ಪುಟದ ಅರ್ಜಿಯಲ್ಲಿ ಆರನೇ ಪುಟಕ್ಕೆ ಮುಟ್ಟಿ, 'ನಿಮ್ಮ ಸೆಷನ್ ಅವಧಿ ಮುಗಿದಿದೆ' ಎಂಬ ಸಾಲನ್ನು ಓದಿದವರಿಗೆ ಮಾತ್ರ ಆ ಕೂಗು ಅರ್ಥವಾದೀತು. ತೊಗರಿ ರಾಶಿ ಮಾಡಿ ಚೀಲ ಹೊಲೆಯುವ ಹೊತ್ತಿಗೆ ಸುರಿದ ಮಳೆ ಅದು.

ವೆಬ್ಬಿಗೆ ಮರೆವು ಹುಟ್ಟುಗುಣ. ಒಂದು ಪುಟ ಕೇಳಿದರೆ ಕೊಡುತ್ತದೆ. ಮುಂದಿನ ಪುಟ ಕೇಳಲು ಬಂದವನು ಈಗತಾನೇ ಬಂದಿದ್ದವನೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಎಂಜಿನಿಯರ್ ಇದಕ್ಕೊಂದು ಮದ್ದು ಅರೆದ. ಎಂಸಿಐ ಎಂಬ ಕಂಪನಿಗೆ ಆನ್‌ಲೈನ್ ವ್ಯಾಪಾರ ಬೇಕಿತ್ತು, ಆದರೆ ಗಿರಾಕಿಗಳ ಅರ್ಧಂಬರ್ಧ ವ್ಯವಹಾರವನ್ನೆಲ್ಲ ತನ್ನ ಸರ್ವರಿನಲ್ಲಿ ಹೊತ್ತುಕೊಂಡಿರುವುದು ಬೇಡವಾಗಿತ್ತು. ಮೊಂಟುಲಿ ಒಂದು ಸಣ್ಣ ಚೀಟಿಯನ್ನು ಗಿರಾಕಿಯ ಬ್ರೌಸರಿನಲ್ಲೇ ಇಡುವ ಉಪಾಯ ಮಾಡಿ ಅದಕ್ಕೆ ಕುಕಿ ಎಂದು ಹೆಸರಿಟ್ಟ. ಆನ್‌ಲೈನ್ ಅಣ್ಣನಿಗೆ ಈ ಚರಿತ್ರೆ ಹೇಳಿದರೆ ಆಶ್ಚರ್ಯವೇನೂ ಆಗುವುದಿಲ್ಲ. "ಅವ್ರು ಇಳಿಸಿದ ಹೊರಿ ಒಬ್ಬರ ತಲಿಯಿಂದ ಒಬ್ಬರ ತಲಿಗಿ ದಾಟಿ ಈಗ ಹಳ್ಳಿಖೇಡಕ್ಕ ಬಂದದ ನೋಡ್ರಿ" ಅನ್ನುತ್ತಾನೆ.

ಆ ಹೊರೆ ಹೊರಲು ಅವನು ಇಟ್ಟುಕೊಂಡಿರುವುದು ಒಂದು ಉದ್ದನೆಯ ವಹಿ. ರಟ್ಟು ಕಿತ್ತಿದೆ, ರಬ್ಬರ್ ಬ್ಯಾಂಡು ಹಾಕಿದೆ. ಅರ್ಜಿ ಹಾಕಲು ಬಂದವರಿಗೆ ಮೊದಲ ಅಪ್ಪಣೆ: "ಮೊದ್ಲ ನಂದು ತುಂಬ್ರಿ, ಆಮ್ಯಾಲ ಸರಕಾರದ್ದು." ಆಧಾರ್, ಜಾತಿ-ಆದಾಯದ ಆರ್‌ಡಿ ನಂಬರ್, ರೈತನಾದರೆ ಎಫ್‌ಐಡಿ, ವಿದ್ಯಾರ್ಥಿಯಾದರೆ ಸ್ಯಾಟ್ಸ್ ನಂಬರ್ ಎಲ್ಲ ಅದರಲ್ಲಿ ಬಿದ್ದ ಮೇಲೆಯೇ ಕಂಪ್ಯೂಟರಿಗೆ ಕೈ. ಅರ್ಜಿ ನಡುವೆ ನಿಂತರೆ ಅದಕ್ಕೂ ಒಂದು ಸಾಲು: 'ಕಿರಾಣಿಯವರ ಹಿರಿಮಗಳು, 4ನೇ ಪುಟ, ಫೋಟೊ ದೊಡ್ಡದು.' 'ಹೊಲಮನಿ ಕಾಕಾ, ರೊಕ್ಕ ಕಟ್ ಆಗ್ಯಾದ, ರಸೀದಿ ಬಂದಿಲ್ಲ, ಮತ್ತ ಕಟ್ಟಬ್ಯಾಡ.' ಈ ಎರಡನೇ ಸಾಲು ಚಿನ್ನದ ಬೆಲೆಯದು. ಹಣ ಕಟ್ಟಲು ಅರ್ಜಿಯ ಪುಟ ಬಿಟ್ಟು ಬ್ಯಾಂಕಿನ ಪುಟಕ್ಕೆ ಹೋಗಿ ಮರಳುವಷ್ಟರಲ್ಲಿ ಅರ್ಜಿಗೆ ಗುರುತು ತಪ್ಪಿರುತ್ತದೆ. ಅವಸರದಲ್ಲಿ ಇನ್ನೊಮ್ಮೆ ಒತ್ತಿದರೆ ಇನ್ನೊಮ್ಮೆ ಕಟ್. ಒಂದು ಅರ್ಜಿಗೆ ಒಂದೇ ವ್ಯವಹಾರ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ 'ಆಗಲೇ ಬಂದಿದೆ' ಎನ್ನುವ ವಿವೇಕ ಒಳ್ಳೆಯ ಪೋರ್ಟಲ್‌ಗಳಿಗಿದೆ. ಉಳಿದವುಗಳ ಪಾಲಿನ ವಿವೇಕ ಅಣ್ಣನ ವಹಿಯಲ್ಲಿದೆ.

ಊರಿನ ಹೆಸರೂ ಅವನ ಶತ್ರುಗಳ ಸಾಲಿನಲ್ಲೇ ಬರುತ್ತದೆ. ಹಿರಿಯ ಹಳ್ಳಿಖೇಡ (ಬಿ), ಕಿರಿಯ ಹಳ್ಳಿಖೇಡ (ಕೆ), ಎರಡೂ ಹುಮನಾಬಾದ್ ತಾಲ್ಲೂಕಿನವೇ. ಪಟ್ಟಿಯಲ್ಲಿ (ಬಿ) ಆರಿಸಿ ಪುಟ ಕೆಳಗಿಳಿಸಲು ಹೋದಾಗ ಮೌಸಿನ ಚಕ್ರ ಒಂದು ಹಲ್ಲು ಜಾರಿದರೆ ಸಾಕು, ಇಡೀ ಕುಟುಂಬ ಸದ್ದಿಲ್ಲದೆ (ಕೆ)ಗೆ ವಲಸೆ ಹೋಗಿರುತ್ತದೆ. ಸರಿಪಡಿಸಲೆಂದು ಮೇಲೆ ಹೋಗಿ ತಾಲ್ಲೂಕು ಮುಟ್ಟಿದರೆ ಹೋಬಳಿ, ಗ್ರಾಮ ಅಳಿಸಿಹೋಗುತ್ತವೆ. ಅದು ನ್ಯಾಯವೇ, ತಾಲ್ಲೂಕು ಬದಲಾದರೆ ಗ್ರಾಮ ಬದಲಾಗಲೇಬೇಕು. ಆದರೆ ಅವುಗಳ ಜೊತೆ ತಾಯಿಯ ಹೆಸರು, ಬ್ಯಾಂಕ್ ಖಾತೆಯೂ ಅಳಿಸಿಹೋಗುವ ನ್ಯಾಯ ಯಾವುದು? ಇನ್ನು ವಿಳಾಸವನ್ನು ಕೈಯಾರೆ ಬರೆಯುವ ಪುಟದಲ್ಲಿ 'ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ' ಎಂಬ ಕೆಂಪಕ್ಷರ ಬರುತ್ತದೆ. ಬ್ರಾಕೆಟ್ ವಿಶೇಷ ಚಿಹ್ನೆ. ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರಕ್ಕಾಗಿ ತಾನು ಇಲ್ಲಿಯವನೇ ಎಂದು ಬಸವಕಲ್ಯಾಣದ ಉಪವಿಭಾಗಾಧಿಕಾರಿಗಳ ಕಚೇರಿಗೆ ರುಜುವಾತು ಕೊಡಬೇಕಾದ ಹುಡುಗನಿಗೆ, ಇಲ್ಲಿ ಎಂದರೆ ಎಲ್ಲಿ ಎಂದು ಬರೆಯಲು ಬರುವುದಿಲ್ಲ. ವಿಧಿಗೂ ಬ್ರಾಕೆಟ್ ಇದೆ, ಊರಿಗೂ ಇದೆ. ವಿಧಿಯದು ನಡೆಯುತ್ತದೆ, ಊರಿನದು ನಡೆಯುವುದಿಲ್ಲ.

ಅಣ್ಣ ದೋಷವಿಲ್ಲದ ದೇವರೇನಲ್ಲ. ಸ್ಕಾಲರ್‌ಶಿಪ್ ಗದ್ದಲದಲ್ಲಿ ಎರಡು ಟ್ಯಾಬ್ ತೆರೆದು ಇಬ್ಬರ ಅರ್ಜಿಯನ್ನು ಒಟ್ಟಿಗೇ ತುಂಬುವ ಚಪಲ ಅವನಿಗೂ ಬರುತ್ತದೆ. ಎರಡು ಟ್ಯಾಬಿಗೂ ಕುಕಿ ಒಂದೇ ಆದ್ದರಿಂದ ಸರ್ವರ್ ಇಬ್ಬರನ್ನೂ ಒಬ್ಬರೆಂದೇ ತಿಳಿದು ಸಂಸಾರ ಹೂಡುತ್ತದೆ. ಕೊನೆಗೆ ಪ್ರಿಂಟರಿನಿಂದ ಹೊರಬರುವುದು ಮೀಸೆಯ ಫೋಟೊ ಹೊತ್ತ ನರ್ಸಿಂಗ್ ಹುಡುಗಿಯ ಅರ್ಜಿ. ಇಷ್ಟಲ್ಲದೆ ಅರ್ಧ ಊರಿನ ಅರ್ಜಿಗಳಲ್ಲಿ ಮೊಬೈಲ್ ನಂಬರ್ ಅವನದೇ, ಪಾಸ್‌ವರ್ಡೂ ಒಂದೇ. ಸಿಟ್ಟಾಗಿ ಬೇರೆ ಅಂಗಡಿಗೆ ಹೋದ ಗಿರಾಕಿ ಅಲ್ಲಿಂದ ಫೋನ್ ಹಚ್ಚಿ, "ಅಣ್ಣಾ, ನಿನಗೊಂದು ಓಟಿಪಿ ಬಂದದೇನು?" ಎಂದು ಮೆತ್ತಗೆ ಕೇಳಬೇಕಾಗುತ್ತದೆ. ಅಣ್ಣ ಹೇಳುತ್ತಾನೆ, ಆದರೆ ಒಂದೊಂದೇ ಅಂಕಿಯಾಗಿ ಹೇಳುತ್ತಾನೆ.

ಗುಟ್ಟು ಮಾತ್ರ ಬಿಡುವುದಿಲ್ಲ. ಬುಲೆಟ್ ಮೇಲೆ ಬಂದಿಳಿದವರ ವಾರ್ಷಿಕ ಆದಾಯ 11 ಸಾವಿರ ಎಂದು ತುಂಬುವಾಗಲೂ ಅವನ ಮುಖದ ಒಂದು ಗೆರೆ ಅಲುಗದು. ಯಾರ ಹೊಲದ ಮೇಲೆ ಎಷ್ಟು ಸಾಲ, ಯಾರ ಮಗ ಯಾವ ಸೆಮಿಸ್ಟರಿನಲ್ಲಿ ನಿಂತ, ಎಲ್ಲ ಗೊತ್ತು. ಇಷ್ಟು ನೆನಪಿರುವ ಮನುಷ್ಯ ಮನೆಗೆ ಹಾಲು ತರುವುದನ್ನು ಮರೆಯುತ್ತಾನೆ. ಹೆಂಡತಿ ಬೈಯತೊಡಗಿದಾಗ ನಡುವೆ ಬಾಯಿ ಹಾಕಿದರೆ ಆಕೆ ಮೊದಲಿನಿಂದ ಶುರುಮಾಡುತ್ತಾಳೆ. ಆದ್ದರಿಂದ ಬಾಯಿ ಹಾಕುವುದಿಲ್ಲ. ಮದುವೆ ಮಂಟಪದಲ್ಲಿ ತಾಳಿ ಹಿಡಿದು ನಿಂತ ವರನ ಕಿವಿಗೆ ಬಗ್ಗಿ, "ಒಮ್ಮೆ ಪ್ರಿವ್ಯೂ ನೋಡ್ಕೊ ತಮ್ಮಾ, ಫೈನಲ್ ಸಬ್‌ಮಿಟ್ ಆದ ಮ್ಯಾಲ ಎಡಿಟ್ ಇಲ್ಲ" ಎಂದು ಎಚ್ಚರಿಸುವುದು ಅವನ ಸಾಮಾಜಿಕ ಸೇವೆ.

ಅವನ ಸುಗ್ಗಿ ಪಂಚಾಂಗದ ಸುಗ್ಗಿಯಲ್ಲ. ಸಿಇಟಿ ಬಂದಾಗೊಂದು, ಸ್ಕಾಲರ್‌ಶಿಪ್ ಬಂದಾಗೊಂದು, ಸೋಯಾ-ಉದ್ದು ಬಿತ್ತಿದ ಮೇಲೆ ಬೆಳೆವಿಮೆಗೊಂದು. 2023ರ ಜೂನ್‌ನಲ್ಲಿ ಗೃಹಜ್ಯೋತಿ, ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ಅರ್ಜಿ ಬಂದಾಗ ಈ ಕುಲದವರು ನಾಡಿನಾದ್ಯಂತ ಊಟಕ್ಕೂ ಏಳಲಿಲ್ಲ. ಸುಗ್ಗಿಯ ದಿನ ಅವನ ಮುಂದೆ ಬರುವ ಅರ್ಜಿದಾರರನ್ನು ನೋಡಬೇಕು. ಅರ್ಜಿ ಒಂದು, ಅದನ್ನು ತುಂಬುವವರು ಮೂವರು. ಹೆಬ್ಬೆಟ್ಟು ಆಯಿಯದು. ಜೀವಮಾನವೆಲ್ಲ ಕಸ ಕಿತ್ತು ಅದರ ಗೆರೆ ಸವೆದಿದೆ, ಡಬ್ಬಿ ಗುರುತು ಹಿಡಿಯದು. ಮೊಬೈಲು ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿರುವ ಮಗನ ಜೇಬಿನಲ್ಲಿದೆ. ಮೌಸು ಅಣ್ಣನ ಕೈಯಲ್ಲಿ.

"ಆಯಿ, ಫೋನ್ ಹಚ್ಚಿ ಮಗನ್ನ ಕೇಳು, ಆರು ಅಂಕಿ ಬಂದಾವೇನು ಅಂತ."

"ಅಂವ ಮ್ಯಾಲ ಸ್ಲ್ಯಾಬಿನ ಮ್ಯಾಲ ಇರ್ತಾನ ಮಗಾ, ಎತ್ತಂಗಿಲ್ಲ. ಸಂಜೀಕ ಎತ್ತತಾನ."

"ಸಂಜಿತನ ಇದು ಕಾಯಂಗಿಲ್ಲಾಯಿ."

"ನಾ ಕಾಯ್ತೀನಲ್ಲ?"

ಆಯಿ ಕಾಯುತ್ತಾಳೆ, ಅಣ್ಣ ಕಾಯುತ್ತಾನೆ, ಅರ್ಜಿ ಮಾತ್ರ ಕಾಯುವುದಿಲ್ಲ.

ಇಂಥ ಅರ್ಜಿಗಳನ್ನು ಕಟ್ಟುವವನೇ ಒಬ್ಬ ಅವನ ಬಳಗದಲ್ಲಿದ್ದಾನೆ: ಬೆಂಗಳೂರಿನ ಕಂಪನಿಯಲ್ಲಿರುವ ಅಕ್ಕನ ಮಗ. ಹಬ್ಬಕ್ಕೆ ಊರಿಗೆ ಬಂದವನು ಅಂಗಡಿಯಲ್ಲಿ ಕೂತು ಉಪದೇಶಕ್ಕೆ ಇಳಿದ. "ಮಾಮಾ, ಇದಕ್ಕ ಸ್ಟೇಟ್ ಮ್ಯಾನೇಜ್‌ಮೆಂಟ್ ಅಂತಾರ. ಎಲ್ಲಾ ಪುಟದ ಉತ್ತರ ಪುಟದಾಗ ಇಡಬಾರ್ದು, ಮ್ಯಾಲ ಒಂದೇ ಕಡಿ ಇಡಬೇಕು. ಪುಟ ಮುಗದಂಗ ಸರ್ವರಿಗಿ ಕಳಸಬೇಕು. ಹಿಂದಕ್ಕ ಹೋದ್ರೂ ಬರದದ್ದು ಹೋಗಬಾರ್ದು."

"ಅದು ನನ್ನ ವಹಿ ಅದಲೋ" ಅಂದ ಅಣ್ಣ. ಆಮೇಲೆ ಒಂದೊಂದೇ ಹಾಕತೊಡಗಿದ: "ನಾಕನೇ ಪುಟದಾಗ ಲೈಟ್ ಹೋತು?"

"ಬ್ರೌಸರಿನ್ಯಾಗ ಡ್ರಾಫ್ಟ್ ಉಳದಿರ್ತದ."

"ಇಲ್ಲಿ ಕಂಪ್ಯೂಟರ್ ಒಂದು, ಮಂದಿ ನೂರು. ಕಾಕಾನ ಡ್ರಾಫ್ಟ್ ಕಾಕುಗೆ ಕಂಡ್ರ?"

ಎಂಜಿನಿಯರ್ ಚಹಾ ಕುಡಿದ. "ಅದಕ್ಕೇ ಮಾಮಾ, ಹದಿನೈದು ನಿಮಿಷ ಸುಮ್ನ ಕೂತ್ರ ಹೊರಗ ಹಾಕ್ತೀವಿ. ಸೆಕ್ಯುರಿಟಿ."

"ಹಾಕು, ಬ್ಯಾಡ ಅನ್ನಂಗಿಲ್ಲ. ಮನಷ್ಯಾನ್ನ ಹೊರಗ ಹಾಕು, ಅವನ ಅರ್ಜಿ ಯಾಕ ಹೊರಗ ಒಗಿತಿ? ನಾಳಿ ಮತ್ತ ಬಂದು ತನ್ನ ಗುರ್ತು ಹೇಳ್ದ ಅಂದ್ರ ಬಿಟ್ಟಲ್ಲಿಂದ ಕೊಡು. ಆಯಿ ಮಗ ಸಂಜೀಕೇ ಫೋನ್ ಎತ್ತೋದು."

ಕೊಠಡಿ ತುಂಬ ಎಂಜಿನಿಯರುಗಳು ಕೂತು ಬಿಳಿ ಹಲಗೆ ತುಂಬ ಗೀಚಿದರೂ ಇದಕ್ಕಿಂತ ಹೆಚ್ಚಿಗೆ ಹೇಳಲಾರರು. ಅರ್ಜಿ ಕಟ್ಟುವವನ ಕಣ್ಣ ಮುಂದೆ ಇರುವುದು ತನ್ನದೇ ಫೋನು, ತನ್ನದೇ ಲ್ಯಾಪ್‌ಟಾಪು, ನಿಲ್ಲದ ಕರೆಂಟು ಇರುವ ಒಬ್ಬ ಒಂಟಿ ಮನುಷ್ಯ. ಆಯಿ, ಮಗ, ಅಣ್ಣ ಮೂವರೂ ಸೇರಿ ಎರಡು ದಿನಕ್ಕೆ ಒಬ್ಬ ಅರ್ಜಿದಾರ ಆಗುತ್ತಾರೆ ಎಂಬುದು ಅವನಿಗೆ ಹೊಳೆದಿರುವುದಿಲ್ಲ.

ಅಕ್ಕನ ಮಗನಿಗೂ ಒಂದು ಪ್ರಮಾಣಪತ್ರ ಬೇಕಿತ್ತು. "ನಂದು ನಾನೇ ತುಂಬ್ತೀನಿ ಮಾಮಾ" ಎಂದು ಮಾವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತ. ಐದು ಪುಟ ಸರಾಗ ಓಡಿತು. ಆರನೆಯದರಲ್ಲಿ ಹುಟ್ಟಿದ ತಾರೀಖು ತಪ್ಪಿದ್ದು ಕಂಡು, ಕೈ ತಾನಾಗಿ ಬ್ಯಾಕಿಗೆ ಹೋಯಿತು. ಅಣ್ಣನ ಕೂಗು ಅರೆಗಳಿಗೆ ತಡವಾಯಿತು. ಪರದೆ ಬೆಳ್ಳಗಾಯಿತು.

ಅಣ್ಣ ಏನೂ ಅನ್ನಲಿಲ್ಲ. ವಹಿಯ ರಬ್ಬರ್ ಬ್ಯಾಂಡು ತೆಗೆದು ಹೊಸ ಪುಟ ತಿರುವಿ, ಪೆನ್ನಿನ ಟೊಪ್ಪಿಗೆ ಕಚ್ಚಿಕೊಂಡು ಕೇಳಿದ: "ತಾಯಿ ಹೆಸರು?"

"ಮಾಮಾ! ನಿನ್ನ ಅಕ್ಕನೇ ಅಲ್ಲೇನು?"

"ನನ್ನ ಅಕ್ಕನ ಹೆಸರು ನನಗ ಗೊತ್ತದ. ಆಧಾರ್‌ದಾಗ ಹ್ಯಾಂಗದ ಅದು ಹೇಳು."