ಇಳುವರಿ ನೋಡಿ ದರ
ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ಆಂಟೆನಾ ತಿರುಗಿಸುವ ಶ್ರಮವೊಂದೇ ಖರ್ಚು. ಆಮೇಲೆ ಅದೇ ಡಿವಿಡಿಯಾಗಿ ಅಂಗಡಿಗೆ ಬಂತು. ಬಾಬುರಾಯನಕೊಪ್ಪಲಿನ ಟೀ ಅಂಗಡಿಯಲ್ಲಿ ಒಬ್ಬರ ತಕರಾರು: “ಪುಕ್ಸಟ್ಟೆ ನೋಡಿದ್ಕೆ ಈಗ್ಯಾಕಣ್ಣ ದುಡ್ಡು?”

ದರ ಕಟ್ಟುವ ವಿದ್ಯೆ ನಮ್ಮ ಕಬ್ಬಿನ ಸೀಮೆಗೆ ಹೊಸದೇ? ಕೇಂದ್ರ ಸರ್ಕಾರ ಇಳುವರಿ ನೋಡಿಯೇ ಕಬ್ಬಿಗೆ ಬೆಲೆ ಗೊತ್ತುಮಾಡುತ್ತದೆ, 2024-25ರಲ್ಲಿ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 340 ರೂಪಾಯಿ. ಧಾರಾವಾಹಿಯನ್ನೂ ಹಾಗೇ ಗಾಣಕ್ಕೆ ಕೊಡಬೇಕು. ಮಾಲ್ಗುಡಿಯಲ್ಲಿ ಕಂತಿನ ತುಂಬ ಗಟ್ಟಿ ಕಥೆ, ಮೇಲೆ ಆರ್.ಕೆ. ಲಕ್ಷ್ಮಣರ ರೇಖಾಚಿತ್ರ. ಕೇಳಿದಷ್ಟು ಕೊಟ್ಟರೂ ನಷ್ಟವಿಲ್ಲ. ಈಗಿನ ಮೆಗಾ ಧಾರಾವಾಹಿಯನ್ನು ಅರೆದು ನೋಡಿ. ಅತ್ತೆ ಮೂರು ಸಲ ಕತ್ತು ತಿರುಗಿಸಿದ್ದು, ಮೋಡವಿಲ್ಲದ ಗುಡುಗು, ನಿನ್ನೆಯ ಕಂತಿನ ನೆನಪು ಕಳೆದರೆ ಉಳಿಯುವುದು ಬರೀ ರಚ್ಚು. ಸಾವಿರ ಕಂತು ಡಿವಿಡಿಯಾದರೆ ಮನೆಗೆ ತರಲು ಎತ್ತಿನಗಾಡಿಯೇ ಬೇಕು. ಹಾಕಿ ನೋಡೋಣವೆಂದರೆ ಪ್ಲೇಯರು ಗುಜರಿಗೆ ಹೋಗಿದೆ.

ತಕರಾರಿನವರು ಲೋಟ ಕೆಳಗಿಟ್ಟರು. “ರಚ್ಚು ಅನ್ಬ್ಯಾಡಿ ಸಾ. ಆಲೆಮನೇಲಿ ಅದು ಒಲೆಗಾದ್ರೂ ಆಯ್ತದೆ.”