ಅತ್ತೆ ಬಡಿದು ನೋಡಿದ ದೋಣಿ

ನನಗೆ ಈಜು ಬರುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಕ್ಷೇಮ. ಏಕೆಂದರೆ ಯಾರ ಮನೆಗೆ ಊಟಕ್ಕೆ ಹೋದರೂ ಪಾಯಸ ಬಡಿಸುವಷ್ಟರಲ್ಲಿ ನನ್ನಾಕೆ ಹೇಳಿ ಮುಗಿಸಿರುತ್ತಾಳೆ: "ಇವರಿಗೆ ಈಜು ಬರಲ್ಲ. ಆದ್ರೆ ದೋಣಿ ತಗೋತಾರಂತೆ. ಅದೂ ಒಂದು ಸಾಲದು, ಮೂರು ಸೇರಿಸಿ ಹೊಲಿದಿದ್ದು ಬೇಕಂತೆ."

ಮೂರು ದೋಣಿಯಲ್ಲ, ಮೂರೊಡಲಿನ ಒಂದೇ ದೋಣಿ ಎಂದು ನಾನು ತಿದ್ದುತ್ತೇನೆ. ನಡುವೆ ದೊಡ್ಡ ಒಡಲು, ಎಡಕ್ಕೂ ಬಲಕ್ಕೂ ತೆಳ್ಳಗಿನ ಒಂದೊಂದು ಮರಿ ಒಡಲು. ಹೆಸರು ಟ್ರೈಮರಾನ್. ಸ್ಯಾನ್ ಡಿಯೇಗೊಗೆ ಬಂದು ಹನ್ನೆರಡು ವರ್ಷ ಸಮುದ್ರವೆಂದರೆ ಪಾರ್ಕಿಂಗ್ ಸಿಗದ ಜಾಗ ಎಂದಷ್ಟೇ ತಿಳಿದಿದ್ದ ಮೈಸೂರಿನವನು ನಾನು; ಈ ಹುಚ್ಚಿಗೆ ಬಿದ್ದದ್ದು ಆ ಹೆಸರಿನಿಂದ. ಮರದ ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದ ತಮಿಳರ ಕಟ್ಟುಮರ ಇಂಗ್ಲಿಷರ ಬಾಯಲ್ಲಿ ಕ್ಯಾಟಮರಾನ್ ಆಯಿತು. ಉಕ್ರೇನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ವಿಕ್ಟರ್ ಚೆಚೆಟ್ ಎಂಬಾತ 1940ರ ದಶಕದಲ್ಲಿ ಅದರ ಮುಂಭಾಗ ಕತ್ತರಿಸಿ, ಮೂರು ಎಂಬರ್ಥದ ಟ್ರೈ ಅಂಟಿಸಿದನಂತೆ. ಹೀಗೆ ಹೆಸರಿನಲ್ಲಿ ಮರ ಉಳಿಯಿತು, ಕಟ್ಟು ಬಿಟ್ಟುಹೋಯಿತು. ಈ ದೋಣಿಗಳ ಸಂಕಟವೆಲ್ಲ ಬಿಟ್ಟುಹೋದ ಆ ಕಟ್ಟಿನಲ್ಲೇ ಇದೆ ಎಂದು ನನಗೆ ಅರ್ಥವಾಗಲು ಎರಡು ವರ್ಷ, ಒಂದು ಸ್ಟೀಲ್ ಲೋಟ ಮತ್ತು ಅತ್ತೆಯವರ ಆರು ತಿಂಗಳ ವೀಸಾ ಬೇಕಾದವು.

ಒಳಗಿನ ಭಾಗಗಳ ಹೆಸರು ಇನ್ನೂ ಸೊಗಸು. ಪಾಲಿನೇಷ್ಯಾದ ದ್ವೀಪದವರಿಂದ ಬಂದ ಪದಗಳು. ನಡುವಿನ ಒಡಲು ವಾಕಾ, ಪಕ್ಕದ ಮರಿ ಒಡಲು ಆಮಾ, ಇವನ್ನು ಜೋಡಿಸಿ ಹಿಡಿದಿರುವ ಅಡ್ಡತೊಲೆ ಆಕಾ. ಇದನ್ನು ಸಂಭ್ರಮದಿಂದ ಮೈಸೂರಿಗೆ ಫೋನ್ ಮಾಡಿ ಹೇಳಿದೆ.

"ಅಂದ್ರೆ ಅಮ್ಮನ್ನ ಹಿಡ್ಕೊಂಡಿರೋದು ಅಕ್ಕ ಅನ್ನು," ಎಂದಳು ಅಕ್ಕ. "ಇದನ್ನ ತಿಳ್ಕೊಳ್ಳೋಕೆ ಸಮುದ್ರಕ್ಕೆ ಇಳೀಬೇಕಿತ್ತೇನೋ?"

ಅಲೆ ಹೊಡೆದು ಹೊಡೆದು ಮೊದಲು ಬಿರುಕು ಬಿಡುವುದು ಆಕಾ ಸೇರುವ ಜಾಗದಲ್ಲೇ ಎಂದು ನಾನು ಸೇರಿಸಿದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈ ಸಲ ದಸರಾಕ್ಕಾದ್ರೂ ಬರ್ತೀಯಾ?" ಎಂದಳು. ನಾನು ಹಾಯಿಯ ವಿಷಯ ಎತ್ತಿದೆ.

ಇನ್ನು ಮುಳುಗುವ ವಿಚಾರ. ಇದನ್ನು ನನ್ನಾಕೆಗೆ ವಿವರಿಸಲು ನಾನು ಆರಿಸಿಕೊಂಡ ಸಮಯ ರಾತ್ರಿ ಹತ್ತೂವರೆ. ಒಂದೊಡಲಿನ ಹಾಯಿದೋಣಿಗೆ ಅಡಿಯಲ್ಲಿ ಸೀಸದ ಭಾರ ಇರುತ್ತದೆ. ತಂಜಾವೂರು ಗೊಂಬೆಯ ಹಾಗೆ, ಕೆಡವಿದರೂ ಎದ್ದು ಕೂರುತ್ತದೆ. ಆದರೆ ತೂತು ಬಿದ್ದರೆ ಅದೇ ಸೀಸ ಅದನ್ನು ತಳಕ್ಕೆ ಎಳೆದೊಯ್ಯುತ್ತದೆ. ಟ್ರೈಮರಾನ್‌ಗೆ ಆ ಭಾರವೇ ಇಲ್ಲ. ಅದು ನಿಲ್ಲುವುದು ಅಗಲದ ಬಲದಿಂದ. 31 ಅಡಿ ಉದ್ದದ ದೋಣಿಗೆ 18 ಅಡಿಗೂ ಮಿಕ್ಕ ಅಗಲ. ಹಗುರವಾದ್ದರಿಂದ ತುಂಡಾದರೂ ಸಾಮಾನ್ಯವಾಗಿ ತೇಲುತ್ತದೆ. ಒಂದೇ ತೊಡಕು: ದೋಸೆಯಂತೆ ಒಮ್ಮೆ ಮಗುಚಿತೆಂದರೆ ಮತ್ತೆ ಮಗುಚಲು ಸಮುದ್ರದಲ್ಲಿ ಯಾರೂ ಮಗುಚುವ ಕೈ ಹಿಡಿದು ನಿಂತಿರುವುದಿಲ್ಲ.

"ಅಂದ್ರೆ ತಲೆಕೆಳಗಾಗಿ ತೇಲತ್ತೆ," ಎಂದಳು.

"ಅದೇ ಅದರ ಹೆಚ್ಚುಗಾರಿಕೆ. 1989ರ ಜೂನ್‌ನಲ್ಲಿ ನ್ಯೂಜಿಲೆಂಡಿನಿಂದ ಟೊಂಗಾಕ್ಕೆ ಹೊರಟ ರೋಸ್ ನೋಯೆಲ್ ಅನ್ನೋ ಟ್ರೈಮರಾನ್ ಮಗುಚಿಕೊಳ್ತು. ಒಳಗೆ ನಾಲ್ಕು ಜನ. ತಳಕ್ಕೆ ತೂತು ಕೊರೆದು, ಮಳೆನೀರು ಹಿಡಿದು, ಮೀನು ಹಿಡಿದು, ಮಗುಚಿದ ದೋಣೀಲೇ 119 ದಿನ ಬದುಕಿದ್ರು. ಕೊನೆಗೆ ಗ್ರೇಟ್ ಬ್ಯಾರಿಯರ್ ದ್ವೀಪದ ದಡಕ್ಕೆ ತೇಲಿಕೊಂಡು ಬಂದು ನಾಲ್ವರೂ ಇಳಿದು ನಡೆದು ಹೋದ್ರು!"

ಅವಳು ಹೊದಿಕೆ ಎಳೆದುಕೊಂಡಳು. "ನೂರಾ ಹತ್ತೊಂಬತ್ತು ದಿನ, ಮಂಚದಷ್ಟು ಜಾಗದಲ್ಲಿ, ನಿಮ್ಮ ಜೊತೆ, ದೋಣಿ ವಿಷಯ ಕೇಳ್ಕೊಂಡು. ಮುಳುಗೋದೇ ವಾಸಿ ಕಣ್ರೀ."

ಮುಳುಗುವುದಿಲ್ಲ ಎಂಬ ವಾದದಲ್ಲಿ ಹೀಗೆ ಸೋತ ಮೇಲೆ ಉಳಿದದ್ದು ಕಟ್ಟಿನ ವಾದ. ಇಲ್ಲಿ ನಾನು ಇನ್ನೂ ದುರ್ಬಲ. ನಮ್ಮ ಅಡುಗೆಮನೆಯಲ್ಲಿ ನಾನು ಹೊಡೆದ ಒಂದು ಶೆಲ್ಫಿದೆ. ಅದರ ಎಡತುದಿಯಲ್ಲಿ ಸಾಸಿವೆ ಡಬ್ಬಿ ಇಟ್ಟರೆ ಸಂಜೆಯ ಹೊತ್ತಿಗೆ ಬಲತುದಿಯಲ್ಲಿರುತ್ತದೆ. ಮಿಕ್ಸಿ ತಿರುಗಿಸಿದರೆ ಮಧ್ಯಾಹ್ನಕ್ಕೇ ತಲುಪುತ್ತದೆ. ಇಂಥ ಕೈಗಳಿಗೆ ಧೈರ್ಯ ತುಂಬಿದವನು ಇದೇ ಕ್ಯಾಲಿಫೋರ್ನಿಯಾದ ಆರ್ಥರ್ ಪೈವರ್. 1960ರಲ್ಲಿ ಪ್ಲೈವುಡ್ಡಿನಲ್ಲಿ ಕಟ್ಟಿದ ನಿಂಬಲ್ ಎಂಬ 30 ಅಡಿಯ ಟ್ರೈಮರಾನ್‌ನಲ್ಲಿ ಅಟ್ಲಾಂಟಿಕ್ ದಾಟಿ, ಬಂದು, ಇದನ್ನು ಹಿತ್ತಲಲ್ಲಿ ಯಾರು ಬೇಕಾದರೂ ಕಟ್ಟಬಹುದು ಎಂದು ನಕ್ಷೆ ಮಾರಿದ. ಮೊಳೆ ನೆಟ್ಟಗೆ ಹೊಡೆಯಲು ಬಾರದವರೂ ನಕ್ಷೆ ಕೊಂಡರು. ಕೆಲವರು ದೇವರಿಗೆ ಮಾಡುವ ಮಡಿಯಡುಗೆಯಂತೆ ಶ್ರದ್ಧೆಯಿಂದ ಕಟ್ಟಿದರು. ಕೆಲವರು ಅಗ್ಗದ ಪ್ಲೈ ತಂದು, ಅಂಟು ಉಳಿಸಿ, ಮಲಗಲು ಇನ್ನೊಂದು ಕೋಣೆ ಇರಲಿ ಎಂದು ನಕ್ಷೆಗೆ ತಮ್ಮ ಬುದ್ಧಿ ಸೇರಿಸಿದರು. ಒಂದೇ ನಕ್ಷೆ, ಒಂದೇ ಅಳತೆ. ಒಂದು ದೋಣಿ ಪೆಸಿಫಿಕ್ ದಾಟುತ್ತದೆ, ಇನ್ನೊಂದು ಬಂದರು ದಾಟಲಾರದು. ಪೈವರ್ 1968ರಲ್ಲಿ 25 ಅಡಿಯ ಟ್ರೈಮರಾನ್‌ನಲ್ಲಿ ಒಬ್ಬನೇ ಹೋದವನು ಮರಳಲಿಲ್ಲ.

ಅದೇ ವರ್ಷ ಎಲ್ಲೂ ನಿಲ್ಲದೆ ಒಬ್ಬೊಬ್ಬರೇ ಲೋಕ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯ ಶುರುವಾಯಿತು. ಹೊರಟವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರದು ಪೈವರ್‌ನ 40 ಅಡಿಯ ವಿಕ್ಟ್ರೆಸ್ ನಕ್ಷೆ. ನೈಜೆಲ್ ಟೆಟ್ಲಿ ತನ್ನ ದೋಣಿಯಲ್ಲಿ ಹೆಂಡತಿಯೊಡನೆ ಸಂಸಾರ ಮಾಡಿಕೊಂಡಿದ್ದವನು, ಅದರ ಕೀಲು ಕೀಲೂ ಬಲ್ಲವನು. ಡೊನಾಲ್ಡ್ ಕ್ರೌಹರ್ಸ್ಟ್, ಹುಟ್ಟಿದ್ದು 1932ರಲ್ಲಿ ನಮ್ಮ ಗಾಜಿಯಾಬಾದಿನಲ್ಲಿ, ದೋಣಿಯನ್ನು ಅವಸರವಸರವಾಗಿ ಕಟ್ಟಿಸಿಕೊಂಡು ಹೊರಟ. ಹೊರಟ ಕೆಲವೇ ದಿನಕ್ಕೆ ಸೋರತೊಡಗಿತು. ಮುಂದೆ ಹೋದರೆ ಸಾವು, ಹಿಂದೆ ಬಂದರೆ ದಿವಾಳಿ. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಲೋಕ ಸುತ್ತುತ್ತಿರುವುದಾಗಿ ರೇಡಿಯೋದಲ್ಲಿ ಸುಳ್ಳು ಹೇಳಿದ. ಅವನು ಬೆನ್ನ ಹಿಂದೆಯೇ ಇದ್ದಾನೆಂದು ನಂಬಿ ಟೆಟ್ಲಿ ಸವೆದ ದೋಣಿಯನ್ನು ಎಳೆದಾಡಿ ಓಡಿಸಿದ. 1969ರ ಮೇ ತಿಂಗಳಲ್ಲಿ, ಪಂದ್ಯ ಮುಗಿಯುವ ಹೊಸ್ತಿಲಲ್ಲಿ ಅದು ಒಡೆದು ಮುಳುಗಿತು, ಅವನು ಬದುಕಿದ. ಜುಲೈ 10ರಂದು ಕ್ರೌಹರ್ಸ್ಟ್‌ನ ದೋಣಿ ನಡುಗಡಲಲ್ಲಿ ಸಿಕ್ಕಿತು. ತೇಲುತ್ತಿತ್ತು. ಒಳಗೆ ಅವನಿರಲಿಲ್ಲ.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ, ಕುಮಟಾದಿಂದ ಬಂದು ಮೂರೇ ದಿನವಾಗಿದ್ದ ಅತ್ತೆ ತಟ್ಟೆಯಿಂದ ತಲೆ ಎತ್ತದೆ ಕೇಳಿದರು: "ಗೆದ್ದವ ಯಾರು ಹಾಗಾದ್ರೆ?"

"ರಾಬಿನ್ ನಾಕ್ಸ್-ಜಾನ್‌ಸ್ಟನ್. ಒಂದೊಡಲಿನ ಚಿಕ್ಕ ದೋಣಿ, ಸುಹೈಲಿ ಅಂತ. ಬಾಂಬೆಯಲ್ಲಿ ತೇಗದಲ್ಲಿ ಕಟ್ಟಿದ್ದು."

"ತೇಗವಾ? ಮತ್ತೆಂತ ಕತೆ ನಿಮ್ಮದು, ಅಷ್ಟುದ್ದ!" ಎಂದು ಅವರು ಮಜ್ಜಿಗೆಗೆ ಅನ್ನ ಕಲಸಿಕೊಂಡರು.

ನಾನು ಬಿಡಲಿಲ್ಲ. ಈಗಿನ ಕಾಲದ ದೋಣಿಗಳು ಹಾಗಲ್ಲ, ಎಪಾಕ್ಸಿ ಎಂಬ ರಾಳ ಬಂದಿದೆ, ಮರದ ಎಲ್ಲ ಮೈಗೂ ಬಳಿದರೆ ನೀರು ಸುಳಿಯದು ಎಂದೆ. ಮಾತಿಗೆ ಪುರಾವೆಯಾಗಿ ಸಿಂಕಿನ ಕೆಳಗೆ ನೆನೆದು ಊದಿಕೊಂಡಿದ್ದ ಹಲಗೆಯನ್ನು ನಾನೇ ರಿಪೇರಿ ಮಾಡಲು ಕೂತೆ. 5 ಪಾಲು ರಾಳಕ್ಕೆ 1 ಪಾಲು ಗಟ್ಟಿಕಾರಕ ಎಂದು ಡಬ್ಬಿಯ ಮೇಲೇ ಬರೆದಿತ್ತು. ಗಟ್ಟಿಯಾಗಬೇಕಲ್ಲ, ಇನ್ನಷ್ಟು ಇರಲಿ ಎಂದು ನಾನು ಧಾರಾಳವಾಗಿ ಸುರಿದೆ. ಕಲಸಿದ್ದು ಕೈಗೆ ಸಿಕ್ಕ ಸ್ಟೀಲ್ ಲೋಟದಲ್ಲಿ, ಚಮಚದಿಂದ. ಅಷ್ಟರಲ್ಲಿ ಆಫೀಸಿನ ಫೋನು ಬಂತು. ಹತ್ತು ನಿಮಿಷದ ನಂತರ ಬಂದು ಲೋಟ ಹಿಡಿದರೆ ಹಬೆಯಾಡುವ ಕಾಫಿಗಿಂತ ಬಿಸಿ. ಹೊಗೆ ಬರುತ್ತಿತ್ತು. ಮನೆಯ ಅಲಾರಾಂ ಕೂಗಿಕೊಂಡಿತು. ಅತ್ತೆ ದೇವರ ಮುಂದಿನ ದೀಪ ಆರಿಸಿ ಓಡಿಬಂದರು, ಪಾಪ, ತಮ್ಮದೇ ತಪ್ಪೆಂದು.

ಹೊಗೆ ಇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಹೆಪ್ಪು ಜಾಸ್ತಿ ಹಾಕಿದ್ರಾ?"

ಕೆಲವೆಡೆ ಕಲ್ಲು, ಕೆಲವೆಡೆ ಜಿಗುಟು ಜಿಗುಟು. ಚಮಚ ಲೋಟದ ನಡುವೆ ಪಟಸ್ತಂಭದಂತೆ ನೆಟ್ಟಗೆ ನಿಂತಿತ್ತು, ಈಗಲೂ ನಿಂತಿದೆ. ನಾನು ಕಟ್ಟಿದ್ದರಲ್ಲಿ ನೆಟ್ಟಗೆ ನಿಂತದ್ದು ಅದೊಂದೇ ಎಂದು ನನ್ನಾಕೆ ಅದನ್ನು ಟೀವಿಯ ಪಕ್ಕ ಇಟ್ಟಿದ್ದಾಳೆ.

ಸ್ವತಃ ಕಟ್ಟುವ ಮಾತು ಅಲ್ಲಿಗೆ ಮುಗಿದು, ಕಟ್ಟಿದ್ದನ್ನು ಕೊಳ್ಳುವ ಮಾತು ಬಂತು. ಕಾರ್ಖಾನೆಯಲ್ಲಿ ಅಚ್ಚುಕಟ್ಟಾಗಿ ತಯಾರಾದದ್ದೂ ಇದೆ. ನ್ಯೂಜಿಲೆಂಡಿನ ಇಯಾನ್ ಫ್ಯಾರಿಯರ್ ವಿನ್ಯಾಸ ಮಾಡಿದ ಎಫ್-27 ನಮ್ಮ ಊರಿನ ಪಕ್ಕದ ಚೂಲಾ ವಿಸ್ತಾದಲ್ಲೇ 1985ರಿಂದ ತಯಾರಾದದ್ದು. 19 ಅಡಿ ಅಗಲದ ದೋಣಿ, ಪಕ್ಕದ ಒಡಲುಗಳನ್ನು ಮಡಚಿದರೆ ಎಂಟೂವರೆ ಅಡಿಯೊಳಗೆ ಬಂದು ಟ್ರೇಲರ್ ಮೇಲೆ ಕೂರುತ್ತದೆ.

"ಮಡಚಿಡಬಹುದಾ?" ಎಂದಳು ನನ್ನಾಕೆ.

"ಹೌದು!"

"ಹಾಗಾದ್ರೆ ಮಡಚಿಟ್ಟುಬಿಡಿ."

ಅದರ ಬೆಲೆ ನೋಡಿ ನಾನೇ ಮಡಚಿಟ್ಟೆ. ಉಳಿದದ್ದು ಹಳೆಯ, ಯಾರೋ ಹಿತ್ತಲಲ್ಲಿ ಕಟ್ಟಿದ ಪ್ಲೈವುಡ್ ದೋಣಿ. ಬೋಟ್‌ಯಾರ್ಡೊಂದರಲ್ಲಿ ಅಂಥದೊಂದು ಅಗ್ಗಕ್ಕೆ ಇದೆಯೆಂದು ತಿಳಿದು ಶನಿವಾರ ಸಂಸಾರ ಸಮೇತ ಹೊರಟೆವು. ಯಾವ ನಕ್ಷೆಯದೆಂದು ಹೇಳುವುದಿಲ್ಲ, ತಪ್ಪು ನಕ್ಷೆಯದಲ್ಲ. ಮಾರುವವರು ಬಿಳಿಗಡ್ಡದ ಮುದುಕರು, ಮೂರನೆಯ ಮಾಲೀಕರು. ನನ್ನ ಕೈಯಲ್ಲಿ ನಾಲ್ಕು ಪುಟದ ಪಟ್ಟಿ. ಆಕಾದ ಬೋಲ್ಟು ಯಾವ ಲೋಹದ್ದು, ಮಗುಚಿದರೆ ಹೊರಬರಲು ಕಿಂಡಿ ಇದೆಯೇ, ಎಷ್ಟು ಭಾರ ಹೇರಿದರೆ ಒಡಲುಗಳ ನಡುವಿನ ಅಟ್ಟಕ್ಕೆ ಅಲೆ ಕೆಳಗಿನಿಂದ ಗುದ್ದುತ್ತದೆ. ಅತ್ತೆ ತಂದಿದ್ದ 23 ಕೆಜಿಯ ಎರಡು ಪೆಟ್ಟಿಗೆಗಳನ್ನು, ಅಂದರೆ ಹಪ್ಪಳ, ಕೊಬ್ಬರಿ, ಅಪ್ಪೆಮಿಡಿ ಭರಣಿ ಎಲ್ಲವನ್ನೂ, ನಾನು ಆಗಲೇ ಲೆಕ್ಕಕ್ಕೆ ಹಿಡಿದಿದ್ದೆ. ಪ್ರಶ್ನೆ ಕೇಳುತ್ತ, ಟಿಕ್ ಹಾಕುತ್ತ ಮುಕ್ಕಾಲು ಗಂಟೆ ಕಳೆದೆ. ಈ ಹೊತ್ತಿನಲ್ಲಿ ದೋಣಿಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ.

ಅತ್ತೆ ಏಣಿ ಹತ್ತಿ ಮೇಲೆ ಹೋಗಿದ್ದರು. ಸೀರೆಗೆ ಶೂ ಹಾಕಿದ್ದರು. ಬಗ್ಗಿ, ಮಡಚಿದ ಬೆರಳಗೆಣ್ಣಿನಿಂದ ಅಟ್ಟದ ಹಲಗೆಯನ್ನು ಬಡಿಯುತ್ತ ಹೋಗುತ್ತಿದ್ದರು, ಒಂದು ಕಿವಿ ಕೆಳಗೆ ಮಾಡಿ. ಟಕ್. ಟಕ್. ಟಕ್. ಪಟಸ್ತಂಭವನ್ನು ಬಿಗಿಹಿಡಿಯುವ ಉಕ್ಕಿನ ತಂತಿ ಬೋಲ್ಟಾಗಿದ್ದ ಜಾಗಕ್ಕೆ ಬಂದಾಗ ಸದ್ದು ಬದಲಾಯಿತು. ಬೊದ್. ಅವರು ನಿಂತರು. ಒಂದು ಗೇಣು ಆಚೆ ಬಡಿದರು. ಬೊದ್. ಬಾಗಿಲು ತೆರೆದು ಒಳಗೆ ಮೂಗು ಹಾಕಿ ಹೊರಗೆ ತೆಗೆದರು.

"ಕೊಳೆತಿದೆ," ಎಂದರು ಮೇಲಿಂದಲೇ. "ನಮ್ಮನೆ ಹಲಸಿನಕಾಯಿ ಹೀಗೆ ಸದ್ದು ಮಾಡಿದ್ರೆ ನಾವು ದನಕ್ಕೆ ಹಾಕ್ತೇವೆ."

ನಾನು ಮುದುಕರ ಕಡೆ ತಿರುಗಿ ಅರ್ಧ ಮಾತ್ರ ಅನುವಾದಿಸಿದೆ. ದನದ ಭಾಗ ಬಿಟ್ಟೆ. ಅವರು ಸುಮ್ಮನೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಸುತ್ತಿಗೆ, ಸೀಮೆಸುಣ್ಣ ತಂದರು. ಅತ್ತೆ ತೋರಿಸಿದಲ್ಲಿ ಬಡಿದರು. ಕಿವಿಗೊಟ್ಟರು. ಸುಣ್ಣದಲ್ಲಿ ಒಂದು ಗೆರೆ ಎಳೆದರು. ಗೆರೆ ಬೆಳೆದು ಬೆಳೆದು ಊಟದ ತಟ್ಟೆಯಷ್ಟು ದೊಡ್ಡ ವೃತ್ತವಾಯಿತು. ಕೊನೆಗೆ ಸ್ಕ್ರೂಡ್ರೈವರ್ ಒತ್ತಿದರು. ಚಹಾದಲ್ಲಿ ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಹಿಡಿಕೆಯವರೆಗೆ ಹೋಯಿತು. ಮೇಲಿನ ಬಿಳಿ ಪೇಂಟು ಮಾತ್ರ ಮದುವೆಮನೆಯಂತೆ ಹೊಳೆಯುತ್ತಿತ್ತು.

ನನ್ನ ಜ್ಞಾನ ಪ್ರದರ್ಶನಕ್ಕೆ ಅದೇ ಸಮಯ ಸಿಕ್ಕಿತು. "ಸಮುದ್ರದ ನೀರು ಅಲ್ಲ ಅತ್ತೆ ಇದಕ್ಕೆ ಕಾರಣ. ಉಪ್ಪುನೀರಲ್ಲಿ ಮರ ಅಷ್ಟು ಸುಲಭಕ್ಕೆ ಕೊಳೆಯಲ್ಲ. ಬೋಲ್ಟಿನ ತೂತಲ್ಲಿ ಮಳೆನೀರು ಇಳಿದು..."

"ಅದನ್ನ ನಂಗೆ ಹೇಳ್ತೀರಾ?" ಎಂದರು. "ಮಿಡಿ ಉಪ್ಪಲ್ಲಿದ್ರೆ ವರ್ಷಗಟ್ಟಲೆ ಇರ್ತದೆ. ಒಂದು ಹನಿ ಸಿಹಿನೀರು ಸೋಕ್ಲಿ, ಬೂಷ್ಟು."

ಮುದುಕರಿಗೆ ಈ ಉಪ್ಪಿನಕಾಯಿ ಶಾಸ್ತ್ರ ಅನುವಾದಿಸಿದಾಗ ಅವರು ನನ್ನನ್ನು ಬಿಟ್ಟು ಅತ್ತೆಯ ಜೊತೆಗೇ ಮಾತು ಮುಂದುವರಿಸಿದರು, ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ಕನ್ನಡದಲ್ಲಿ. ಇಬ್ಬರೂ ಬಡಿಯುತ್ತ ಬಡಿಯುತ್ತ ದೋಣಿಯ ಆ ತುದಿಯವರೆಗೆ ಹೋದರು. ನಡುವಿನ ಒಡಲು ಗಟ್ಟಿ, ಎಡದ ಆಮಾ ಗಟ್ಟಿ, ಬಲದ ಆಕಾದ ಬುಡ ಬೊದ್. ಕಟ್ಟಿದವನು ಎಡಕ್ಕೆ ಶುರು ಮಾಡಿ ಬಲಕ್ಕೆ ಬರುವಷ್ಟರಲ್ಲಿ ಅವನಿಗೆ ಸಾಕಾಗಿತ್ತೋ, ದುಡ್ಡು ಮುಗಿದಿತ್ತೋ, ಹೆಂಡತಿ ಊಟಕ್ಕೆ ಕರೆದಳೋ. ಆ ಅಪರಿಚಿತನ ಮೇಲೆ ನನಗೆ ಬಹಳ ಅಕ್ಕರೆ ಬಂತು.

ಮುದುಕರು ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ನಾನು ಬಾಯಿ ತೆರೆಯುವುದರೊಳಗೆ ನನ್ನಾಕೆ ಮಣಿಕಟ್ಟು ಹಿಡಿದಳು. ಮದುವೆಯ ದಿನ ಹಿಡಿದದ್ದಕ್ಕಿಂತ ಬಿಗಿಯಾಗಿ.

ದಾರಿಯುದ್ದಕ್ಕೂ ಯಾರೂ ದೋಣಿಯ ಮಾತೆತ್ತಲಿಲ್ಲ. ಅದು ಅವರ ದೊಡ್ಡ ಮನಸ್ಸು. ಮನೆಗೆ ಬಂದು ನಾನು ಓದುವ ಕೋಣೆಯಲ್ಲಿ ಕೂತು ಆ ನಾಲ್ಕು ಪುಟದ ಪಟ್ಟಿಯನ್ನು ಹರಿಯುವುದೋ ಇಡುವುದೋ ಎಂದು ನೋಡುತ್ತಿದ್ದೆ. ಅಡುಗೆಮನೆಯಿಂದ ಸದ್ದು ಕೇಳಿಸಿತು. ಟಕ್, ಟಕ್, ಬೊದ್. ಅದು ಶೆಲ್ಫು. ಸಾಸಿವೆ ಡಬ್ಬಿಯನ್ನು ಯಾರೋ ಎತ್ತಿ ಕೆಳಗಿಟ್ಟರು. ಆಮೇಲೆ ಸಿಂಕಿನ ಕೆಳಗೆ. ಬೊದ್, ಬೊದ್. ಆಮೇಲೆ ಹಜಾರದ ಪುಸ್ತಕದ ಕಪಾಟು, ಮೂರು ಸ್ಕ್ರೂ ಮಿಕ್ಕರೂ ನಿಂತಿದೆ ಎಂದು ನಾನು ಹೆಮ್ಮೆಪಡುವುದು. ಅಲ್ಲಿ ಸದ್ದು ಬಹಳ ಹೊತ್ತು ನಿಂತಿತು. "ಆಯಿ, ಸಾಕು ಬಾ," ಎಂದಳು ನನ್ನಾಕೆ, ನಗು ತಡೆಯಲಾರದೆ.

ಹೆಜ್ಜೆ ಕೋಣೆಯ ಬಾಗಿಲಿಗೆ ಬಂತು. ಅತ್ತೆ ನನ್ನನ್ನು ನೋಡಲಿಲ್ಲ, ನಾನು ಕೂತಿದ್ದ ಕುರ್ಚಿಯನ್ನು ನೋಡಿದರು. ಅದೂ ನಾನೇ ಜೋಡಿಸಿದ್ದು.

ನಾನು ಮೆಲ್ಲಗೆ ಎದ್ದು ನಿಂತೆ.